ಅರ್ಧ ಗಂಡ

ಇಟಲಿಯೆಲ್ಲ ಒಂದೇ ರಾಜ್ಯವಾಗಿ ಹತ್ತು ವರ್ಷ ಕಳೆದಿತ್ತು. ಮಗಳು ಹೆತ್ತ ಮೊಮ್ಮಗನ ಜನನ ಬರೆಸಲು ಬಂದ ವಿತಾಲಿಯಾನೊ ಪುರಸಭೆಯ ಬೆಂಚಿನಲ್ಲಿ ಕಾಯುತ್ತಿದ್ದ. ಪಕ್ಕದಲ್ಲಿದ್ದ ಮುದುಕಿ ದೊನಾತಾ ಯುವತಿ ಕಾರ್ಮೊಸೀನಾಳನ್ನು ಮಾತಿಗೆಳೆದಳು.

“ಒಳಗೆ ಯಾರ ಮದುವೆ, ಮಗಳೇ?”

“ನನ್ನ ಗಂಡಂದು, ದೊಡ್ಡಮ್ಮ.”

“ಹುಚ್ಚುಚ್ಚಾಗಿ ಮಾತಾಡ್ಬೇಡ. ನಿಮ್ಮ ಮದುವೇಲಿ ನಾನೇ ಉಂಡಿದೀನಿ.”

“ಅದು ಚರ್ಚಲ್ಲಿ ಆಗಿದ್ದು. ಹೊಸ ರಾಜನ ಕಾನೂನಿಗೆ ಲೆಕ್ಕಕ್ಕಿಲ್ಲ. ಇಲ್ಲಿ ರುಜು ಹಾಕಿದ್ರೇನೇ ಮದುವೆಯಂತೆ.”

“ಆಗಲೇ ಹಾಕ್ಬಾರ್ದಿತ್ತಾ?”

“ಪೋಪರ ಸೀಮೆ ಕಿತ್ಕೊಂಡ ರಾಜನ ಕಚೇರಿ ಹತ್ತಿದ್ರೆ ನರಕಾನೇ ಗತಿ ಅಂತ ಪಾದ್ರಿಗಳು ಹೆದರಿಸಿದ್ರು. ಹತ್ತಲಿಲ್ಲ.”

“ಈಗ ಅವರೇನಂತಾರೆ?”

“ಅವರ ಪಾಲಿಗೆ ಇವತ್ತಿಗೂ ನಾನೇ ಹೆಂಡ್ತಿ. ಒಳಗಿರೋ ಹೊಸ ಹುಡುಗಿಗೆ ಚರ್ಚಲ್ಲಿ ಆಶೀರ್ವಾದ ಇಲ್ಲ.”

“ಹಾಗಾದ್ರೆ ಜಗಳ ಆಡೋಕೆ ಬಂದ್ಯಾ?”

“ಇಲ್ಲ. ನನಗೆ ದೇವರು ಕೊಟ್ಟ ಗಂಡ, ಅವಳಿಗೆ ರಾಜ ಕೊಟ್ಟ ಗಂಡ. ಇಬ್ಬರಿಗೂ ಸಿಕ್ಕೋದು ಅರ್ಧಾನೇ. ರುಜು ಹಾಕೋ ಮುಂಚೆ ಅವಳಿಗೆ ಹೇಳ್ಬೇಕು. ನನಗೆ ಯಾರೂ ಹೇಳ್ಲಿಲ್ಲ.”

ಬಾಗಿಲು ತೆರೆಯಿತು. ಕಾರ್ಮೊಸೀನಾ ಮುಸುಕು ಸರಿಮಾಡಿಕೊಂಡು ಒಳಗೆ ಹೋದಳು. ದೊನಾತಾ ಹಿಂದೆಯೇ ನಡೆದಳು.

ವಿತಾಲಿಯಾನೊ ಸರದಿ ಬಿಟ್ಟು ಎದ್ದ. ಅವನ ಮಗಳ ಮದುವೆಯೂ ಚರ್ಚಿನಲ್ಲೇ ಮುಗಿದಿತ್ತು. ಮೊದಲು ಅಳಿಯನನ್ನು ರುಜು ಹಾಕಲು ಕರೆತರಬೇಕಿತ್ತು.