ಸೋರಿಕೆಯ ಇನ್ನೊಂದು ಹೆಸರು

ಅಧ್ಯಕ್ಷೆ ಲೊರೇನ್ ಜೂಬರ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಫ್ಲಿಂಟ್ ಊರಿನ ಸಭಿಕರೇ, ಹೊರಗೆ ಮಳೆಯಲ್ಲಿ ನೆನೆಯುತ್ತಿರುವ ಹನ್ನೊಂದು ಸೆರಿನೇಡ್ ಕಾರುಗಳೇ,

ನಮ್ಮ ಕಾರ್ಖಾನೆ ತಯಾರಿಸಿದ್ದು ಎಂಬತ್ತು ಸಾವಿರ ಸೆರಿನೇಡ್. ಉಳಿದದ್ದು ಹನ್ನೊಂದು. ಆ ಹನ್ನೊಂದರ ಮಾಲೀಕರ ಸಂಘ ಇಂದು ನನ್ನನ್ನು, ಅಂದರೆ ತಪಾಸಣೆ ವಿಭಾಗದ ನಿವೃತ್ತ ಮುಖ್ಯಸ್ಥ ವೆಂಡೆಲ್ ಪ್ರೂಯಿಟ್‌ನನ್ನು ಸನ್ಮಾನಿಸುತ್ತಿದೆ. ಇದು ಕ್ಷಮೆಯೋ ಮರೆವೋ ನನಗೆ ತಿಳಿಯದು. ಅಮೆರಿಕದಲ್ಲಿ ಸೋತ ಕಾರುಗಳು ಬಹಳ. ಕೆಲವು ರೂಪದಿಂದ ಸೋತವು, ಕೆಲವು ಬೆಲೆಯಿಂದ ಸೋತವು. ನಮ್ಮದು ಒಂದು ಪದದಿಂದ ಸೋತಿತು.

ಯಾವ ಪದ? ಸೆರಿನೇಡ್‌ನ ಮುಂದಿನ ಗಾಜಿನ ಅಂಚಿನಿಂದ ನೀರು ನೇರವಾಗಿ ಚಾಲಕನ ತೊಡೆಯ ಮೇಲೆ ಬೀಳುತ್ತಿತ್ತು. ತಪಾಸಣೆಯ ಚೀಟಿಯಲ್ಲಿ 'ಸೋರಿಕೆ' ಎಂದು ಬರೆದರೆ ಕಾರು ಹಿಂದಕ್ಕೆ ಹೋಗಬೇಕು, ಜೋಡಣೆಯ ಲೈನ್ ನಿಲ್ಲಬೇಕು. ಲೈನ್ ನಿಲ್ಲಿಸುವುದುಂಟೇ? ಫೋರ್‌ಮನ್ ಡೆಲ್ಬರ್ಟ್ ಸಾಹೇಬರು ದಾರಿ ಕಂಡುಹಿಡಿದರು. "ಸೋರಿಕೆ ಅಂತ ಬರೀಬೇಡ್ರಪ್ಪ, 'ಹವಾಮಾನ' ಅಂತ ಬರೀರಿ. ಮಳೆ ಬರೋದು ನಮ್ಮ ತಪ್ಪಾ?" ಎಲ್ಲರೂ ನಕ್ಕೆವು. ಎಲ್ಲರೂ ಬರೆದೆವು. ಕೊಂಡವರು ದೂರಿದಾಗ ಮೇಲಿನವರು ಚೀಟಿ ನೋಡಿ ಆ ವರ್ಷದ ಮಳೆಯನ್ನು ದೂರಿದರು.

ಹಾಗೆ ಬರೆಯದವನು ಒಬ್ಬನೇ, ಸ್ಟಾನ್ ವೊಯ್ಚಿಕ್. ನನ್ನ ಪಕ್ಕದಲ್ಲೇ ನಿಲ್ಲುತ್ತಿದ್ದ, ಮಧ್ಯಾಹ್ನ ತನ್ನ ಊಟದ ಕೋನಿ ಡಾಗ್ ಬನ್ನಿನಲ್ಲಿ ಅರ್ಧ ನನಗೆ ಕೊಡುತ್ತಿದ್ದ. "ಕಾರೊಳಗೆ ಎಂಥಾ ಹವಾಮಾನನೋ, ವೆಂಡೆಲ್? ಸೋರ್ತಿದೆ ಅಂದ್ರೆ ಸೋರ್ತಿದೆ" ಎಂದು ಒಂದೇ ದಿನ ನಲವತ್ತು ಚೀಟಿಗಳ ಮೇಲೆ 'ಸೋರಿಕೆ' ಎಂದೇ ಬರೆದ. ಸುಳ್ಳು ಬರೆದು ಕೆಲಸ ಕೆಡಿಸಿದನೆಂದು ಅವನನ್ನು ಹೊರಹಾಕಿದರು. ಒಬ್ಬ ಸಾಕ್ಷಿ ಸಿಕ್ಕರೆ ಅವನ ಕೆಲಸ ಉಳಿಸಬಹುದು ಎಂದಿತು ಯೂನಿಯನ್. ವಿಚಾರಣೆಯಲ್ಲಿ ನನ್ನನ್ನು ಕರೆದು ಕೇಳಿದರು: "ಆ ಕಾರುಗಳಲ್ಲಿ ನೀನೇನು ನೋಡಿದೆ?"

"ಹವಾಮಾನ" ಎಂದೆ. ಮರುತಿಂಗಳೇ ನನಗೆ ಬಡ್ತಿ ಸಿಕ್ಕಿತು.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಜೇಬಿನಲ್ಲಿದ್ದ ಭಾಷಣ ಬೇರೆ. ಬರುವಾಗ ನನ್ನದೇ ಸೆರಿನೇಡ್‌ನಲ್ಲಿ ಅದು ಒದ್ದೆಯಾಗಿ ಶಾಯಿ ಹರಡಿಹೋಯಿತು. ನನ್ನ ಪ್ಯಾಂಟು ಒದ್ದೆಯಾಗಿರುವುದಕ್ಕೂ ಅದೇ ಕಾರಣ, ವಯಸ್ಸಲ್ಲ.

ಈ ಫಲಕದಲ್ಲಿ 'ಮೂವತ್ತು ವರ್ಷ ಏನನ್ನೂ ಕಣ್ತಪ್ಪಲು ಬಿಡದವರು' ಎಂದು ಕೆತ್ತಿಸಿದ್ದೀರಿ. ನಿಜ, ಏನೂ ಕಣ್ತಪ್ಪಲಿಲ್ಲ. ಎರಡನೇ ಸಾಲಿನಲ್ಲಿ ಸ್ಟಾನ್‌ನ ಮಗಳು ಬರ್ನಡೆಟ್ ಕುಳಿತಿದ್ದಾಳೆ. ಅವಳಪ್ಪ ಸುಳ್ಳುಗಾರನೆಂದು ಊರೆಲ್ಲ ಆಡಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಬರ್ನಡೆಟ್, ಕೇಳಮ್ಮ. ಆ ನಲವತ್ತೂ ಕಾರುಗಳು ಸೋರುತ್ತಿದ್ದವು. ನಾನು ನೋಡಿದ್ದೆ.

ಫಲಕವನ್ನು ಮೇಜಿನ ಮೇಲೆಯೇ ಬಿಟ್ಟಿದ್ದೇನೆ. ಇಷ್ಟು ತಡವಾಗಿ ಬಾಯಿಬಿಟ್ಟವನನ್ನು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ಮನೆಗೆ ಹೋಗುವಾಗ ತೊಡೆಯ ಮೇಲೆ ಟವೆಲ್ ಹಾಕಿಕೊಳ್ಳಿ. ನಮಸ್ಕಾರ.