ಹೇಗೆ ಕತ್ತರಿಸಲಿ?

ಕಟಿಂಗ್ ಶಾಪಿನ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಅಕ್ಕ, ಅವಳೆದುರು ಗಾಲಿಕುರ್ಚಿಯಲ್ಲಿ ಅವಳ ತಮ್ಮ. ತಮ್ಮನಿಗೆ ಮಾತು ಬಾರದು. ಒಂದೇ ಬೆರಳಿನಲ್ಲಿ ಮೊಬೈಲಿಗೆ ಬರೆದುಕೊಟ್ಟರೆ ಅದು ಅವನ ಪರವಾಗಿ ಗಟ್ಟಿಯಾಗಿ ಮಾತಾಡುತ್ತಿತ್ತು. ನಾನು ಪೇಪರ್ ಓದುವವನಂತೆ ನಟಿಸಿದೆ.

“ಹೇಗೆ ಕಟಿಂಗ್ ಮಾಡಿಸ್ತೀಯೋ? ನನಗಾದ್ರೂ ಹೇಳೋ.”

“ನಿನಗ್ಯಾಕೆ? ಕತ್ತರಿ ಹಿಡಿಯೋರಿಗೆ ಹೇಳ್ತೀನಿ.”

“ಇಷ್ಟು ವರ್ಷ ನಾನೇ ತಾನೇ ಹೇಳ್ತಿದ್ದಿದ್ದು?”

“ನನ್ನನ್ನ ಒಂದು ಸಲಾನೂ ಕೇಳಲಿಲ್ಲ.”

“ಅಬ್ಬಾ! ಬಾಯಿ ಬಂದು ವಾರ ಆಗಿಲ್ಲ, ಆಗಲೇ ಬಾಲ ಬಿಚ್ಚಿದೀಯ. ಅದೂ ರೈಲು ತಡ ಅಂತ ಹೇಳೋ ದನೀಲಿ! ನೀನು ಬರೆದು ಮುಗಿಸೋದ್ರೊಳಗೆ ನನ್ನ ಕೋಪಾನೇ ಆರಿಹೋಗುತ್ತೆ ಕಣೋ.”

ಅವನು ಈ ಸಲ ಬರೆಯಲೇ ಇಲ್ಲ, ಒಂದು ಗುಂಡಿ ಒತ್ತಿದ.

“ಸುಮ್ನಿರೇ ಅಕ್ಕ, ತಲೆ ತಿನ್ಬೇಡ.”

“ಅಯ್ಯೋ, ಬೈಗುಳಾನ ಮೊದಲೇ ಮಾಡಿಟ್ಕೊಂಡಿದೀಯಾ?”

“ದಿನಾ ಬೇಕಾಗುತ್ತೆ.”

“ಕೂದಲು ಉದ್ದ ಬಿಟ್ಕೊಂಡು ಹೋದ್ರೆ ಅಮ್ಮ ನನ್ನನ್ನ ಬೈತಾಳೆ, ನೋಡು.”

“ಇನ್ಮೇಲೆ ನನ್ನನ್ನೇ ಬೈಯಲಿ.”

ಅವರ ಸರದಿ ಬಂತು. ಕಟಿಂಗ್ ಮಾಡುವವನು ಬಟ್ಟೆ ಕೊಡವಿ, ಅಭ್ಯಾಸಬಲದಿಂದ ಅಕ್ಕನ ಮುಖ ನೋಡಿದ.

“ಹೇಗೆ ಕತ್ತರಿಸಲಮ್ಮ?”

ಅಕ್ಕ ತುಟಿ ಬಿಗಿಹಿಡಿದು ತಮ್ಮನ ಕಡೆ ಕೈ ತೋರಿಸಿದಳು. ಬೆರಳು ನಿಧಾನವಾಗಿ ಓಡಾಡಿತು. ಅಂಗಡಿಯಲ್ಲಿದ್ದ ನಾವೆಲ್ಲ ಆ ಬೆರಳನ್ನೇ ನೋಡುತ್ತ ಕಾದೆವು.

“ಯಾವಾಗಲಿನ ಹಾಗೇ ಚಿಕ್ಕದಾಗಿ.”

“ಲೋ! ನಾನೂ ಇದನ್ನೇ ಅಲ್ವೇನೋ ಹೇಳ್ತಿದ್ದಿದ್ದು?”

ಕನ್ನಡಿಯ ಕಡೆ ಗಾಲಿ ತಿರುಗಿಸುವ ಮೊದಲು ಅವನು ಇನ್ನೊಂದು ಸಾಲು ಬರೆದ.

“ಹೌದು. ಇವತ್ತು ನಾನು ಹೇಳ್ದೆ.”