ಹಕ್ಕಿಗೆ ಹೊಡೆಯುವ ಗುಂಡು

ಶನಿವಾರ ಬೆಳಗ್ಗೆ ಫಿನ್‌ಲೆಂಡಿನ ಕುಹ್ಮೊದ ಬೇಟೆ ಸಾಮಾನಿನ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು, ಕುದುರೆಗಿಂತ ಎತ್ತರದ ಕಡವೆ ಜಾತಿಯ ಮೂಸ್ ಬೇಟೆಯಾಡುವ ತಂಡದ ನಾಯಕಿ ರೈಲಿ ಮತ್ತು ಆಕೆಯ ತಂಗಿಯ ಗಂಡ ವೇಯೊ. ವೇಯೊ ಜೇಬಿನಿಂದ ಗುಂಡಿನ ಡಬ್ಬಿ ತೆಗೆದ.

“ಇಂಥದ್ದೇ ಇನ್ನೊಂದು ತಗೊಳ್ತೀನಿ ರೈಲಕ್ಕ. ನಿನ್ನೆ ಮೂಸ್‌ಗೆ ಇದ್ರಲ್ಲೇ ಹೊಡೆದಿದ್ದು.”

“ಎಲ್ಲಿ, ತೋರ್ಸು. ಅಯ್ಯೋ, ಇದು ಕಾಡುಕೋಳಿಗೆ ಹೊಡೆಯೋ ಗುಂಡಲ್ವೇನೋ! ಮಾಂಸ ಹಾಳಾಗ್ಬಾರ್ದು ಅಂತ ಒಳಗೆ ಅರಳದೆ ಸೂಜಿ ಥರ ತೂರ್ಕೊಂಡು ಹೋಗುತ್ತೆ.”

“ಕೋವಿಗೆ ಸರಿಯಾಗೇ ಕೂತ್ಕೊಳ್ತು.”

“ನಿನ್ನ ತಲೆಗೆ ನನ್ನ ಟೋಪೀನೂ ಕೂತ್ಕೊಳ್ಳುತ್ತೆ.”

“ಬಿಡಿ, ಹೇಗೂ ಗುರಿ ತಪ್ಪಿತಲ್ಲ. ಒಂದು ಹನಿ ರಕ್ತ ಇರ್ಲಿಲ್ಲ.”

“ಈ ಗುಂಡಿಗೆ ರಕ್ತ ಎಲ್ಲಿ ಸುರಿಯುತ್ತೆ? ಹೊಡೆದಾಗ ಮೂಸ್ ಏನ್ ಮಾಡ್ತು?”

ವೇಯೊ ಡಬ್ಬಿಯ ಮುಚ್ಚಳ ಹಾಕಿದ, ತೆಗೆದ.

“ವೇಯೊ.”

“ಬೆನ್ನು ಗೂನು ಮಾಡ್ಕೊಂಡು ಮೆಲ್ಲಗೆ ನಡ್ಕೊಂಡು ಹೋಯ್ತು.”

“ಹೊಟ್ಟೆಗೆ ಬಿದ್ದಿದೆ. ನಿನ್ನೆಯಿಂದ ನರಳ್ತಿದೆ ಅದು. ಆಗ್ಲೇ ನಾಯಿ ತಂದು ಹುಡುಕ್ಬೇಕಿತ್ತು. ಗೂನು ಬೆನ್ನು ನೋಡೀನೂ ತಪ್ಪಿತು ಅಂತ ನಂಗೆ ಹೇಳಿದ್ಯಾ?”

“ಕತ್ತಲಾಗ್ತಿತ್ತಕ್ಕ. ಮನೇಲಿ ಹಬೆಸ್ನಾನಕ್ಕೆ ಸೌನಾ ಬೇರೆ ಕಾದಿತ್ತು.”

“ಮೈ ಬೆಚ್ಚಗಾಯ್ತಾ?”

ರೈಲಿ ಜೇಬಿನಿಂದ ಫೋನ್ ತೆಗೆದಳು.

“ನಿನ್ನ ಮಾತು ನಂಬಿ ನಾನೂ ಜಾಗ ನೋಡೋಕೆ ಹೋಗ್ಲಿಲ್ಲ. ನಡಿ, ನಾಯಿಯವನಿಗೆ ಫೋನ್ ಮಾಡ್ತೀನಿ.”

ನಮ್ಮೂರಿನಲ್ಲಿ ಸಾಲು ಮುರಿದವರನ್ನು ಯಾರೂ ಸುಲಭಕ್ಕೆ ಕ್ಷಮಿಸುವುದಿಲ್ಲ. ಆದರೂ ರೈಲಿ ವೇಯೊನನ್ನು ಕರೆದುಕೊಂಡು ನೇರ ಅಂಗಡಿಯ ಕಟ್ಟೆಯತ್ತ ನಡೆದಾಗ ಮುಂದಿದ್ದ ಐವರೂ ಪಕ್ಕಕ್ಕೆ ಸರಿದರು.

“ಮೂಸ್ ಗುಂಡಾ? ಎಷ್ಟು ಡಬ್ಬಿ?” ಅಂಗಡಿಯವನು ಕೇಳಿದ.

“ಒಂದು ಡಬ್ಬಿ,” ಅಂದಳು ರೈಲಿ. “ಈ ಸಲ ಒಂದೇ ಗುಂಡು ಸಾಕಾಗ್ಬೇಕು.”

ಇಬ್ಬರೂ ಓಡುನಡಿಗೆಯಲ್ಲಿ ಹೊರಟುಹೋದರು. ವೇಯೊನ ಹಳೆಯ ಡಬ್ಬಿ ಕಟ್ಟೆಯ ಮೇಲೇ ಉಳಿಯಿತು.